ಬಾಡಿಗೆಗೆ ಮನೆ ಇದೆ, ಮನಸ್ಸು ಇದೆಯೇ?



ನಮ್ಮ ಪತ್ರಿಕೆಗಳಲ್ಲಿ ನಾವು ಸಾಮಾನ್ಯವಾಗಿ ಬೇರೆಯವರ ತಪ್ಪುಗಳನ್ನು ಕುರಿತು ಬರೆಯುತ್ತೇವೆ. ಮೂಢನಂಬಿಕೆ, ಆಡಂಬರ, ಪಂಕ್ತಿಭೇದ, ಇವುಗಳನ್ನು ಮಾಡುವವರು ಯಾವಾಗಲೂ ಬೇರೆ ಯಾರೋ ಆಗಿರುತ್ತಾರೆ. ಈ ಸಲ ನನ್ನದೇ ಒಂದು ತಪ್ಪಿನಿಂದ ಪ್ರಾರಂಭಿಸುತ್ತೇನೆ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಬೆಂಗಳೂರಿನ ನಾಗರಭಾವಿಯಲ್ಲಿ ನನಗೊಂದು ಮನೆಯಿದೆ. ಕೆಳಗೆ ನಾವಿರುತ್ತೇವೆ, ಮೇಲಿನ ಮನೆಯನ್ನು ಬಾಡಿಗೆಗೆ ಕೊಡುತ್ತೇವೆ. 2022ರ ನವೆಂಬರಿನಲ್ಲಿ ಮೇಲಿನ ಮನೆ ಖಾಲಿಯಾಯಿತು. ಅದುವರೆಗೆ 15,000 ರೂಪಾಯಿ ಬರುತ್ತಿತ್ತು. ಈ ಸಲ 17,000 ಕೇಳೋಣವೆಂದು ನಾನೂ ಮನೆಯವರೂ ಮಾತಾಡಿಕೊಂಡು ಗೇಟಿಗೆ ಬೋರ್ಡು ತೂಗುಹಾಕಿದೆವು.

ಭಾನುವಾರ ಬೆಳಿಗ್ಗೆ ಇನ್ನೂ ನನ್ನ ಪೂಜೆ ಮುಗಿದಿರಲಿಲ್ಲ, ಒಂದು ಕುಟುಂಬ ಬಂದಿತು. ಆತ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞ. ಹೆಂಡತಿ, ಒಂದನೇ ತರಗತಿಯ ಮಗು. ಮನೆ ನೋಡಿದರು, ಒಪ್ಪಿದರು. 17,000 ಎಂದೆ, "ಆಗಲಿ ಸರ್" ಎಂದರು. ನಾನೂ "ಆಯಿತು, ಸಂಜೆ ಮುಂಗಡ ತನ್ನಿ" ಎಂದೆ. ಆದರೆ ಬೋರ್ಡು ತೆಗೆಯಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ಐದಾರು ಜನ ನಿಂತಿದ್ದರು. ಮನೆ ಮಾತಾಗಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬರು, "ಎಷ್ಟಕ್ಕೆ ಮಾತಾಗಿದೆ ಸರ್? ನಾವು 18 ಕೊಡ್ತೀವಿ" ಎಂದರು. ಪಕ್ಕದವರು 19 ಎಂದರು. ನಾನು ಸುಮ್ಮನೆ ಕುಳಿತೆ. ನಾನು ಸುಮ್ಮನಿದ್ದಷ್ಟೂ ಬಾಡಿಗೆ ಏರಿತು. ಕೊನೆಗೆ ಇಬ್ಬರು ಸಾಫ್ಟ್‌ವೇರ್ ಹುಡುಗರು 22,000ಕ್ಕೆ ನಿಂತರು, ಅಲ್ಲಿಯೇ ಮೊಬೈಲಿನಲ್ಲಿ ಹಣ ಹಾಕಿದರು.

ಸಂಜೆ ಆ ತಂತ್ರಜ್ಞ ಮುಂಗಡ ಹಿಡಿದು ಬಂದಾಗ ನಾನು ಒಳಗಿದ್ದೆ. ಮನೆಯವರೇ ಬಾಗಿಲಲ್ಲಿ ನಿಂತು "ಕೊಟ್ಟಾಯ್ತು" ಎಂದು ಹೇಳಿ ಕಳಿಸಿದರು. ಒಳಗೆ ಬಂದವರು ನನ್ನನ್ನು ನೋಡಿ, "ಮುಂಜಾನೆ ಅವರಿಗೆ ಆಯ್ತು ಅಂದಿದ್ರಿ ಅಲ್ಲ?" ಎಂದಷ್ಟೇ ಕೇಳಿದರು. ನಡೆ ನುಡಿ ಒಂದಾಗಬೇಕೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಬಾಯಿ ನನ್ನದು. ಉತ್ತರ ಕೊಡಲಾಗಲಿಲ್ಲ. ಆದರೂ ನಿಜ ಹೇಳಬೇಕು: ಆ ರಾತ್ರಿ ನನಗೆ ದುಃಖಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ತಿಂಗಳಿಗೆ 5,000 ಹೆಚ್ಚು, ಕೇಳದೆಯೇ ಬಂದದ್ದು!

ಏಳೆಂಟು ತಿಂಗಳು ಕಳೆಯಿತು. ಪುಣೆಯಲ್ಲಿದ್ದ ಮಗಳಿಗೂ ಅಳಿಯನಿಗೂ ಬೆಂಗಳೂರಿಗೆ ವರ್ಗವಾಯಿತು. ಇಬ್ಬರ ಕಚೇರಿಯೂ ಬೆಳ್ಳಂದೂರಿನ ಕಡೆ. ನಮ್ಮ ಮನೆಯಿಂದ ಅಲ್ಲಿಗೆ ಹೋಗಿ ಬರುವುದರಲ್ಲಿಯೇ ದಿನಕ್ಕೆ ನಾಲ್ಕು ಗಂಟೆ ಹೋಗುತ್ತದೆ. ಆದ್ದರಿಂದ ಅಲ್ಲಿಯೇ ಮನೆ ಹುಡುಕಲು ಹೊರಟರು. ರಜೆ ಇದ್ದ ದಿನ ನಾನೂ ಜೊತೆಗೆ ಹೋದೆ. ಒಂದು ತಿಂಗಳಲ್ಲಿ ಹದಿನಾರು ಮನೆ ನೋಡಿದೆವು. ನನ್ನ ಮೆಟ್ಟಿಲ ಮೇಲೆ ನಿಂತವರ ಪಾಡು ಏನೆಂದು ನಾನು ಕಲಿತದ್ದು ಆ ತಿಂಗಳಲ್ಲಿ.

ಒಂದು ಮನೆ ಒಪ್ಪಿಕೊಂಡು ಕೆಳಗಿಳಿಯುವಷ್ಟರಲ್ಲಿ ದಲ್ಲಾಳಿಯ ಫೋನು ಬರುತ್ತಿತ್ತು: "ಇನ್ನೊಂದು ಪಾರ್ಟಿ ಎರಡು ಸಾವಿರ ಜಾಸ್ತಿ ಹೇಳಿದ್ದಾರೆ, ನೀವೇನಂತೀರಿ?" ಆ ಇನ್ನೊಂದು ಪಾರ್ಟಿ ನಿಜವಾಗಿಯೂ ಇದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಸಂತೆಯ ಹರಾಜಿನಲ್ಲಾದರೂ ಎದುರು ಕೂಗುವವನ ಮುಖ ಕಾಣುತ್ತದೆ, ಇಲ್ಲಿ ಅದೂ ಇಲ್ಲ. ಒಬ್ಬ ಮಾಲೀಕರು ಸಂಬಳದ ಚೀಟಿ ಕೇಳಿದರು. ಇನ್ನೊಬ್ಬರು ಲಿಂಕ್ಡ್‌ಇನ್ ಪುಟ ನೋಡಬೇಕೆಂದರು. ಬಹಳ ಜನ ಕೇಳಿದ್ದು ಎರಡೇ ಪ್ರಶ್ನೆ: "ವೆಜ್ಜಾ, ನಾನ್‌ವೆಜ್ಜಾ? ನೀವು ಯಾವ ಪೈಕಿ?"

ಕೊನೆಗೆ 28,000 ಹೇಳಿದ್ದ ಮನೆಗೆ 33,000 ಕೊಟ್ಟು, ಎರಡು ಲಕ್ಷ ಮುಂಗಡ ಇಟ್ಟು ಸೇರಿದರು. ಮೊದಲ ಮಳೆಗೇ ಮಲಗುವ ಕೋಣೆಯ ಗೋಡೆ ಒದ್ದೆಯಾಯಿತು. ಬಚ್ಚಲಿನಿಂದ ಚರಂಡಿ ವಾಸನೆ. 2024ರ ಬೇಸಿಗೆಯಲ್ಲಿ ಊರಿಗೆಲ್ಲ ನೀರಿನ ಬರ ಬಂದಾಗ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು, ಅದರ ಮೇಲೆ ಟ್ಯಾಂಕರಿನ ಖರ್ಚು ಬೇರೆ. ಗೋಡೆ ಸರಿಮಾಡಿಸಿ ಎಂದು ಮಗಳು ಕೇಳಿದ್ದಕ್ಕೆ ಮಾಲೀಕರು ಕೊಟ್ಟ ಉತ್ತರ: "ಬೇಡವಾದರೆ ಬಿಡಿ ಮೇಡಂ, ಹತ್ತು ಜನ ಕಾಯ್ತಾ ಇದ್ದಾರೆ."

ಈ ಒಂದು ಮಾತಿನಲ್ಲಿ ಎಲ್ಲವೂ ಇದೆ. ಪೈಪೋಟಿಯಿಂದ ಬಾಡಿಗೆ ಮಾತ್ರ ಏರುತ್ತದೆ ಎಂದು ನಾನು ತಿಳಿದಿದ್ದೆ. ಅದರಿಂದ ಮನೆಯೂ ಕೆಡುತ್ತದೆ ಎಂಬುದು ಆಗ ಅರ್ಥವಾಯಿತು. ಸೋರಿದರೂ ಹೋಗುವ ಮನೆಗೆ ಯಾರು ಗಾರೆ ಹಾಕಿಸುತ್ತಾರೆ? ಕೇಳುವವನು ಹೆದರಿಕೊಂಡಿದ್ದರೆ ಕೊಡುವವನು ಕೆಲಸ ಮಾಡುವುದನ್ನು ಬಿಡುತ್ತಾನೆ. ಹೆಚ್ಚು ಹಣಕ್ಕೆ ಹೆಚ್ಚು ಒಳ್ಳೆಯ ಮನೆ ಸಿಗುವುದು ನ್ಯಾಯ. ಇಲ್ಲಿ ಹೆಚ್ಚು ಹಣಕ್ಕೆ ಹೆಚ್ಚು ಕೆಟ್ಟ ಮನೆ ಸಿಗುತ್ತಿದೆ.

ಅಂದು ಮನೆಗೆ ಬಂದು ಮೇಲಿನ ಹುಡುಗರ ಬಚ್ಚಲು ನೋಡಿದೆ. ಅವರು ಎರಡು ಸಲ ಹೇಳಿದ್ದರು, ನಾನು "ನೋಡೋಣ" ಎಂದಿದ್ದೆ. ಅಲ್ಲಿಯೂ ಗೋಡೆ ಹಸಿಯಾಗಿತ್ತು.

ಇದು ಯಾಕೆ ಹೀಗಾಯಿತು ಎಂಬುದು ಗುಟ್ಟೇನಲ್ಲ. ಕೊರೋನಾ ಕಾಲದಲ್ಲಿ ಜನ ತಮ್ಮ ತಮ್ಮ ಊರಿಗೆ ಹೋದರು, ಮನೆಗಳು ಖಾಲಿ ಬಿದ್ದವು, ಎಷ್ಟೋ ಮಾಲೀಕರು ಬಾಡಿಗೆ ಇಳಿಸಿದರು. 2022ರಲ್ಲಿ ಕಂಪನಿಗಳು ನೌಕರರನ್ನು ಮರಳಿ ಕರೆದವು. ಎಲ್ಲರೂ ಒಮ್ಮೆಗೇ ಬಂದರು, ಮನೆಗಳು ಮಾತ್ರ ಇದ್ದಷ್ಟೇ ಇದ್ದವು. ಐ.ಟಿ. ಸಂಬಳದವರು ಬಾಡಿಗೆ ಏರಿಸಿದರೆ ಅದರ ಪೆಟ್ಟು ತಿನ್ನುವವರು ಅವರಲ್ಲ. ಅದೇ ಬೀದಿಯ ನರ್ಸು, ಅಂಗಡಿಯ ಲೆಕ್ಕ ಬರೆಯುವವನು, ಖಾಸಗಿ ಶಾಲೆಯ ಶಿಕ್ಷಕಿ ಇನ್ನೂ ನಾಲ್ಕು ಮೈಲು ಹೊರಗೆ ಹೋಗುತ್ತಾರೆ. ಒಂಟಿಯಾಗಿರುವ ಹುಡುಗ ಹುಡುಗಿಯರು ಪಿ.ಜಿ.ಗಳಲ್ಲಿ ಮಂಚಕ್ಕೆ ಮಂಚ ತಾಗಿಸಿಕೊಂಡು ಮಲಗುತ್ತಾರೆ. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂದು 2024ರಲ್ಲಿ ಬಿಬಿಎಂಪಿ ನಿಯಮ ಮಾಡಬೇಕಾಯಿತು ಎಂದರೆ ಅದಕ್ಕೆ ಮುಂಚೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಬಹುದು.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡು ಸ್ವಲ್ಪ ಓದಿದೆ. ನಮ್ಮಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇದೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ಅದು ಹೊರಗಿಟ್ಟಿದೆ. ಇಂದಿನ ಬೆಂಗಳೂರಿನಲ್ಲಿ 3,500ಕ್ಕೆ ಯಾವ ಮನೆ ಸಿಗುತ್ತದೆ? ಉಳಿದವರಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ಅದರಲ್ಲಿಯೂ ಒಂದು ಒಳ್ಳೆಯ ಮಾತಿದೆ: ಮಾಲೀಕನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಹನ್ನೊಂದು ತಿಂಗಳ ಕರಾರಿನ ಮೇಲೆ ಕುಳಿತವನು ಆ ಧೈರ್ಯ ಮಾಡುವನೇ? ವರ್ಷಕ್ಕೆ ಬರೆದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ನಾವು ಹನ್ನೊಂದೇ ತಿಂಗಳಿಗೆ ಬರೆಯುತ್ತೇವೆ. ಹನ್ನೆರಡನೆಯ ತಿಂಗಳು ಅವನ ತಲೆಯ ಮೇಲೆ ತೂಗುತ್ತಿರುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯಿದೆಯನ್ನು ರಾಜ್ಯಗಳ ಮುಂದೆ ಇಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು, ಲಿಖಿತ ಕರಾರು ಇರಲೇಬೇಕು, ಜಗಳ ಬಂದರೂ ನೀರು ವಿದ್ಯುತ್ತು ಕಡಿಯಬಾರದು ಎಂಬುದು ಅದರ ಸಾರ. ರಾಜ್ಯ ಒಪ್ಪಿದರೆ ಮಾತ್ರ ಅದಕ್ಕೆ ಬಲ. ನಮ್ಮ ಬೀದಿಯಲ್ಲಿ ಇಂದಿಗೂ ಹತ್ತು ತಿಂಗಳ ಮುಂಗಡ ಕೇಳುವವರಿದ್ದಾರೆ. ಮನೆ ಬಿಡುವಾಗ "ಪೇಂಟಿಂಗ್" ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಬಣ್ಣ ಹೊಡೆಸದೆಯೇ ಮುಂದಿನವರಿಗೆ ಕೊಡುವವರೂ ಇದ್ದಾರೆ. ಅಂದರೆ ಕಾನೂನು ಬರುವವರೆಗೆ ಈ ವಿಷಯವೆಲ್ಲ ಮಾಲೀಕನ ಆತ್ಮಸಾಕ್ಷಿಗೆ ಬಿಟ್ಟದ್ದು. ಆದ್ದರಿಂದಲೇ ಇದನ್ನು ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ಗೆಳೆಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. "ಬೇಡಿಕೆ ಹೆಚ್ಚಾದರೆ ಬೆಲೆ ಏರ್ತದೆ ಮೇಷ್ಟ್ರೇ. ನೀವು ಕೇಳಲಿಲ್ಲ, ಅವರೇ ಕೊಟ್ಟರು. ಇದರಲ್ಲಿ ಪಾಪ ಏನು?" ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಾಲೀಕರೆಲ್ಲ ಶ್ರೀಮಂತರಲ್ಲ. ಸಾಲ ಮಾಡಿ ಮನೆ ಕಟ್ಟಿ ಬಾಡಿಗೆಯಲ್ಲಿಯೇ ಕಂತು ಕಟ್ಟುವವರಿದ್ದಾರೆ. ಪಿಂಚಣಿ ಇಲ್ಲದ ವಿಧವೆಯರು ಆ ಬಾಡಿಗೆಯಲ್ಲಿಯೇ ಔಷಧಿ ತರುತ್ತಾರೆ. ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಸತಾಯಿಸುವ ಬಾಡಿಗೆದಾರರೂ ಉಂಟು. ಬಾಡಿಗೆ ದಾಸೋಹವಲ್ಲ, ಯಾರೂ ಮನೆಯನ್ನು ಪುಕ್ಕಟೆ ಕೊಡಬೇಕಾಗಿಲ್ಲ.

ಆದರೆ ನನ್ನನ್ನು ನಾನೇ ಕೇಳಿಕೊಂಡ ಪ್ರಶ್ನೆ ಬೇರೆ. ಕಟ್ಟಿದ ಮನೆಯನ್ನು ಸುಸ್ಥಿತಿಯಲ್ಲಿಟ್ಟು ಅದಕ್ಕೆ ತಕ್ಕ ಬಾಡಿಗೆ ಪಡೆದರೆ ಅದು ಕಾಯಕದ ಫಲವೆನ್ನಬಹುದು. 17,000 ಅಂಥದ್ದು. ಅದರ ಮೇಲಿನ 5,000ಕ್ಕೆ ನಾನು ಯಾವ ಕಾಯಕ ಮಾಡಿದ್ದೆ? ಒಂದು ಇಟ್ಟಿಗೆ ಹೆಚ್ಚು ಇಟ್ಟಿರಲಿಲ್ಲ, ಒಂದು ನಲ್ಲಿ ಬದಲಿಸಿರಲಿಲ್ಲ. ಸುಮ್ಮನೆ ಕುರ್ಚಿಯ ಮೇಲೆ ಕುಳಿತಿದ್ದೆ. ಎದುರಿಗೆ ನಿಂತವರ ಹೆದರಿಕೆಯೇ ನನಗಾಗಿ ದುಡಿಯಿತು. ಎರಡು ವರ್ಷದಲ್ಲಿ 1,20,000 ರೂಪಾಯಿ ಆಯಿತು. ಕಾಯಕವಿಲ್ಲದೆ ಬಂದ ಧನದ ಬಗ್ಗೆ ಶರಣರ ನಿಲುವು ಏನೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕಾರು ತುಟ್ಟಿಯಾದರೆ ಮುಂದಿನ ವರ್ಷ ಕೊಳ್ಳಬಹುದು. ತಲೆಯ ಮೇಲಿನ ಸೂರನ್ನು ಮುಂದಿನ ವರ್ಷಕ್ಕೆ ಮುಂದೂಡಲು ಬರುವುದಿಲ್ಲ. ಅಂಥದ್ದನ್ನು ಹರಾಜಿಗಿಡುವುದು ವ್ಯಾಪಾರದ ಹೆಸರಿನಲ್ಲಿ ಮಾಡುವ ಸುಲಿಗೆ.

ಇನ್ನೂ ಒಂದು ಮಾತಿದೆ, ಅದು ನಮ್ಮ ಸಮಾಜಕ್ಕೆ ನೇರವಾಗಿ ಸಂಬಂಧಪಟ್ಟದ್ದು.

1974ರಲ್ಲಿ ನಾನು ಹಾವೇರಿ ಕಡೆಯ ಹಳ್ಳಿಯಿಂದ ಒಂದು ತಗಡಿನ ಟ್ರಂಕು ಹೊತ್ತು ಧಾರವಾಡಕ್ಕೆ ಕಾಲೇಜು ಓದಲು ಬಂದೆ. ಅಪ್ಪನ ಬಳಿ ಹೊಲವಿತ್ತು, ಹಣವಿರಲಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಜಾಗ ಸಿಕ್ಕಿತು. ಅಲ್ಲಿ ಯಾರೂ ಮುಂಗಡ ಕೇಳಲಿಲ್ಲ, ನನಗಿಂತ ಹೆಚ್ಚು ಕೊಡುವವನು ಬಂದಿದ್ದಾನೆ ಎನ್ನಲಿಲ್ಲ. ಹಳ್ಳಿ ಹಳ್ಳಿಗಳಿಂದ ಬಂಡಿಯಲ್ಲಿ ಬಂದ ಜೋಳದ ರೊಟ್ಟಿ ತಿಂದು ನಾಲ್ಕು ವರ್ಷ ಓದಿದೆ. ಆ ಜೋಳ ಕೊಟ್ಟ ರೈತರ ಹೆಸರು ನನಗೆ ಗೊತ್ತಿಲ್ಲ, ಅವರಿಗೂ ನನ್ನದು ಗೊತ್ತಿರಲಿಲ್ಲ. ನನ್ನಂಥವರು ಸಾವಿರ ಸಾವಿರ ಜನ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ನೋಡದೆ ಎಷ್ಟು ತಲೆಮಾರಿನ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರೆಂಬುದು ಲೋಕಕ್ಕೇ ತಿಳಿದಿದೆ. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿಯ ವರ್ತಕ ತೋಟದಪ್ಪನವರು ನೂರು ವರ್ಷಗಳಿಗೂ ಹಿಂದೆಯೇ ಛತ್ರ ಕಟ್ಟಿಸಿದರು, ಬಡ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿದರು. ಪರಊರಿನಿಂದ ಬಂದವನು ರೈಲಿಳಿದ ಕೂಡಲೇ ತಲೆಯ ಮೇಲೊಂದು ಸೂರು ಸಿಗಲಿ ಎಂದು ಯೋಚಿಸಿದ ವ್ಯಾಪಾರಿ ಆತ.

ಹಾಗೆ ಮಠಗಳ ಪಡಸಾಲೆಯಲ್ಲಿ ಮಲಗಿ ಓದಿದ ಪೀಳಿಗೆಯೇ ಮುಂದೆ ಶಿಕ್ಷಕರು, ಗುಮಾಸ್ತರು, ಇಂಜಿನಿಯರುಗಳಾಗಿ ಬೆಂಗಳೂರಿನ ವಿಜಯನಗರ, ರಾಜಾಜಿನಗರಗಳಲ್ಲಿ, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಗಳಲ್ಲಿ ಮನೆ ಕಟ್ಟಿತು. ಕೆಳಗೊಂದು, ಮೇಲೆ ಎರಡು. ಇಂದು ನಾವು ಮಾಲೀಕರು. ನಮ್ಮ ಗೇಟಿನ ಮೇಲೆ ಏನು ಬರೆದಿದೆ? "ಸಸ್ಯಾಹಾರಿಗಳಿಗೆ ಮಾತ್ರ." ಕೆಲವು ಕಡೆ ಇನ್ನೂ ಬಿಚ್ಚಿ, "ಲಿಂಗಾಯತರಿಗೆ ಮಾತ್ರ."

ಅಡುಗೆಯ ವಾಸನೆಯ ವಿಷಯದಲ್ಲಿ ಹಿರಿಯರಿಗೆ ಇರುವ ಸಂಕೋಚವನ್ನು ನಾನು ಹೀಯಾಳಿಸುವುದಿಲ್ಲ, ನನಗೂ ಅದಿತ್ತು. ಆದರೆ ಆ ಪ್ರಶ್ನೆ ಅಡುಗೆಮನೆಯ ಹತ್ತಿರವೇ ನಿಲ್ಲುತ್ತದೆಯೇ? ನಮ್ಮ ಬೀದಿಯಲ್ಲಿಯೇ ನಾನು ಕಂಡದ್ದು: ಮನೆ ಕೇಳಲು ಬಂದ ನರ್ಸ್ ಒಬ್ಬಳು "ನಾನು ಮಾಂಸ ತಿನ್ನೋದಿಲ್ಲ ಸರ್" ಎಂದಳು. ಮಾಲೀಕರು "ಸಂತೋಷ" ಎಂದರು. ಮರುಕ್ಷಣವೇ "ನಿಮ್ಮ ಅಡ್ಡಹೆಸರೇನಮ್ಮ?" ಎಂದು ಕೇಳಿದರು. ಆಕೆ ಹೇಳಿದಳು. ಮನೆ ಕೊಡಲಿಲ್ಲ. ಆ ಮಾತು ನಡೆದ ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ಪಟವಿತ್ತು. ಅದರ ಕೆಳಗೆ, ಬಂದವರು ಯಾರೆಂದು ಕೇಳದಿರಿ ಎಂಬ ಅರ್ಥದ, ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಆ ವಚನವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ನಾನು ಅಲ್ಲಿಯೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ಅದೂ ನನ್ನ ಲೆಕ್ಕಕ್ಕೇ ಸೇರಬೇಕು. ಮನೆ ಸಾಲದ ಊರಿನಲ್ಲಿ ಜಾತಿಯ ಪ್ರಶ್ನೆ ಇನ್ನೂ ಕ್ರೂರವಾಗುತ್ತದೆ. ಹತ್ತು ಮನೆ ಖಾಲಿ ಇದ್ದಾಗ ಮೂರು ಬಾಗಿಲು ಮುಚ್ಚಿದರೆ ಏಳು ಉಳಿಯುತ್ತವೆ. ಮೂರೇ ಖಾಲಿ ಇದ್ದಾಗ ಮೂರೂ ಮುಚ್ಚಿದರೆ ಆಕೆ ಎಲ್ಲಿಗೆ ಹೋಗಬೇಕು?

2024ರ ಕೊನೆಗೆ ಆ ಹುಡುಗರು ಮನೆ ಬಿಟ್ಟರು. ಮೊದಲು ಬಚ್ಚಲಿನ ಗೋಡೆ ಒಡೆಸಿ ಪೈಪು ಬದಲಿಸಿದೆ, 38,000 ಖರ್ಚಾಯಿತು. ಆಮೇಲೆ ಬೋರ್ಡಿನ ಮೇಲೆ ಬಾಡಿಗೆಯನ್ನೂ ಬರೆದೆ: 19,000, ಮುಂಗಡ ಎರಡು ತಿಂಗಳು, ಮೊದಲು ಬಂದವರಿಗೆ. 25,000ಕ್ಕೆ ಹೋಗುತ್ತದೆಂದು ನೆರೆಯವರು ಹೇಳಿದರು, ಹೋಗುತ್ತಿತ್ತು ಕೂಡ. ಮೊದಲು ಬಂದ ಕುಟುಂಬಕ್ಕೆ ಕೊಟ್ಟು ಆ ಕ್ಷಣವೇ ಬೋರ್ಡು ಇಳಿಸಿದೆ. ಅವರು ಯಾವ ಜಾತಿ, ಏನು ತಿನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೇಳದೆ ಇದ್ದದ್ದಕ್ಕೆ ಅರ್ಥವಿರುವುದಿಲ್ಲ. ತೊಂದರೆಯೇ ಇಲ್ಲವೆಂದೂ ಹೇಳುವುದಿಲ್ಲ. ಎರಡು ಸಲ ಬಾಡಿಗೆ ತಡವಾಗಿದೆ. ಮಕ್ಕಳು ಮಧ್ಯಾಹ್ನ ನಮ್ಮ ತಲೆಯ ಮೇಲೆಯೇ ಕುಣಿಯುತ್ತಾರೆ. ಅಷ್ಟಕ್ಕೆ ನಮ್ಮ ಲಿಂಗಪೂಜೆ ನಿಂತಿಲ್ಲ, ಮನೆಯೂ ಬಿದ್ದಿಲ್ಲ.

ಒಬ್ಬ ಮೇಷ್ಟ್ರು ತಿಂಗಳಿಗೆ ಕೆಲವು ಸಾವಿರ ಬಿಟ್ಟರೆ ಬೆಂಗಳೂರಿನ ಬಾಡಿಗೆ ಇಳಿಯುವುದಿಲ್ಲ, ನನಗೆ ಗೊತ್ತು. ಅದಕ್ಕೆ ಹೆಚ್ಚು ಮನೆಗಳು ಬೇಕು, ಒಳ್ಳೆಯ ಕಾನೂನು ಬೇಕು, ಊರಿನ ಹೊರಗಿರುವವರಿಗೆ ಬಸ್ಸು ರೈಲು ಬೇಕು. ಇವನ್ನು ಸರ್ಕಾರದಿಂದ ಕೇಳಲೇಬೇಕು. ಆದರೆ ಮಠಗಳ ಮೂಲಕ ಮನೆ ಮನೆಗೆ ತಲುಪುವ ಈ ಪತ್ರಿಕೆಯನ್ನು ಓದುವವರಲ್ಲಿ ನನ್ನಂಥ ಮಾಲೀಕರು ಎಷ್ಟು ಜನರಿಲ್ಲ? ಅವರ ಮುಂದೆ ನಾಲ್ಕು ಮಾತು ಇಡುತ್ತೇನೆ. ಬಾಡಿಗೆಯನ್ನು ಬೋರ್ಡಿನ ಮೇಲೆ ಬರೆಯಿರಿ, ಬರೆದ ಮೇಲೆ ಏರಿಸಬೇಡಿರಿ. ಮೊದಲು ಬಂದವರಿಗೆ ಕೊಟ್ಟ ಮಾತು ಉಳಿಸಿರಿ. ಮುಂಗಡ ಎರಡು ತಿಂಗಳಿಗೆ ಸಾಕು ಮಾಡಿ, ಬಿಡುವ ದಿನ ಲೆಕ್ಕ ಸಹಿತ ಹಿಂತಿರುಗಿಸಿರಿ. ಜಾತಿ ಕೇಳಬೇಡಿರಿ, ಅಡ್ಡಹೆಸರಿನ ಮೂಲಕವೂ ಕೇಳಬೇಡಿರಿ.

ಪೂಜ್ಯರಲ್ಲಿಯೂ ಒಂದು ವಿನಂತಿ. ಶ್ರಾವಣದ ಪ್ರವಚನಗಳಲ್ಲಿ, ಬಸವ ಜಯಂತಿಯ ವೇದಿಕೆಯಲ್ಲಿ ಒಂದು ದಿನ ಈ ವಿಷಯ ಎತ್ತಿಕೊಳ್ಳಬೇಕು. ಎಷ್ಟೋ ಮಠಗಳಿಗೆ ನಗರಗಳಲ್ಲಿ ಮಳಿಗೆಗಳೂ ಮನೆಗಳೂ ಇವೆ. ಅಲ್ಲಿಂದಲೇ ಈ ನಡೆ ಪ್ರಾರಂಭವಾದರೆ ಭಕ್ತರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಹಿಂದೆ ಓದುವ ಮಕ್ಕಳಿಗೆ ಪ್ರಸಾದ ನಿಲಯ ಬೇಕಾಗಿತ್ತು. ಇಂದು ಮೊದಲ ಕೆಲಸಕ್ಕೆ ಊರು ಬಿಟ್ಟು ಬರುವ ಹೆಣ್ಣುಮಕ್ಕಳಿಗೆ ಕಡಿಮೆ ಬಾಡಿಗೆಯ, ಜಾತಿ ಕೇಳದ ವಸತಿ ಬೇಕಾಗಿದೆ. ದಾಸೋಹದ ಹಳೆಯ ಜೋಳಿಗೆಗೆ ಇದು ಹೊಸ ಕೆಲಸ.

ಕೊನೆಯದಾಗಿ, ಆ ತಂತ್ರಜ್ಞರ ಮೊಬೈಲ್ ನಂಬರು ನನ್ನ ಡೈರಿಯಲ್ಲಿ ಉಳಿದಿತ್ತು. ಎರಡು ವರ್ಷದ ಮೇಲೆ ಫೋನು ಮಾಡಿದೆ. ಅವರು ಈಗ ಬಿಡದಿಯ ಹತ್ತಿರ ಇದ್ದಾರೆ. ಮುಂಜಾನೆ ಆರಕ್ಕೆ ಮನೆ ಬಿಡುತ್ತಾರೆ, ಮರಳುವಷ್ಟರಲ್ಲಿ ಮಗು ಮಲಗಿರುತ್ತದೆ. ನನ್ನಿಂದ ತಪ್ಪಾಯಿತೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ ಸರ್, ಎಲ್ಲರೂ ಹಾಗೇ ಮಾಡೋದು" ಎಂದರು.

ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಶರಣರ ಹೆಸರು ಹೇಳುವ ನಾವೂ ಆ "ಎಲ್ಲರೂ" ಎಂಬುದರೊಳಗೆ ಸೇರಿದ್ದೇವೆ. ಅದರಿಂದ ಹೊರಗೆ ಬರುವ ಕೆಲಸ ನಮ್ಮದೇ.